ಬಿಳಿ ಪುಟಕ್ಕೆ ಮೂರು ತಲೆ

"ಕೇಳಿರಿ, ಕೇಳಿರಿ. ಅಹವಾಲು ಪುಟ ಮೂರು ದಿನದಿಂದ ಬಿಳಿಚಿಕೊಂಡು ಕೂತಿದೆ. ದೊರೆಯ ಮೂರು ಒಗಟು ಬಿಡಿಸಿ ಅದನ್ನು ತೆರೆದವರಿಗೆ ಬೇಡಿದ್ದು ಸಿಗುತ್ತದೆ. ಬಂದು ಸೋತವರ ತಲೆ ಉಳಿಯುವುದಿಲ್ಲ" ಎಂದು ಕೆಂಗಲ್ಲಪುರದ ಬೀದಿಬೀದಿಯಲ್ಲಿ ಡಂಗುರ ಹೊಡೆದರು. ಪ್ರಜೆಗಳು ಕಷ್ಟ ಹೇಳಿಕೊಳ್ಳಲು ಅರಮನೆಯ ಜಾಲತಾಣದಲ್ಲಿ ಇದ್ದದ್ದು ಅದೊಂದೇ ಪುಟ.

ಡಂಗುರ ಅರಮನೆಯ ಬೆರಳಚ್ಚುಗಾರ ಚೆನ್ನಮಲ್ಲನ ಕಿವಿಗೂ ಬಿತ್ತು. ಪುಟ ಕೆಡುವ ತುಸು ಮುನ್ನ ಅದರ ಸ್ಕ್ರಿಪ್ಟಿನಲ್ಲಿ, ಅಂದರೆ ಪುಟವನ್ನು ನಡೆಸುವ ಆಜ್ಞೆಗಳ ಸಾಲುಗಳಲ್ಲಿ, ಕೈಯಾಡಿಸಿದವನು ಅವನೇ. ಎಲ್ಲಿ ಎಡವಿದೆ ಎಂಬುದು ಮಾತ್ರ ತಿಳಿಯದು.

ಮೊದಲು ಇಬ್ಬರು ಪಂಡಿತರು ಹೋದರು. ಮೊದಲ ಒಗಟಿಗೇ ಒಬ್ಬರು ಸರ್ವರ್ ಸತ್ತಿದೆ ಎಂದರು. ಆದರೆ ಅದೇ ಸರ್ವರಿನ ಬೇರೆ ಪುಟಗಳೆಲ್ಲ ಸಲೀಸಾಗಿ ತೆರೆದವು. ಇನ್ನೊಬ್ಬರು ಶನಿಕಾಟವೆಂದು ಸರ್ವರಿಗೆ ನಿಂಬೆಹಣ್ಣು ನಿವಾಳಿಸಿದರು. ಇಬ್ಬರನ್ನೂ ಸೆರೆಗೆ ತಳ್ಳಿ, ಶುಕ್ರವಾರ ತಲೆ ತೆಗೆಯುವುದೆಂದು ಸಾರಿದರು. ತನ್ನ ತಪ್ಪಿಗೆ ಬೇರೆಯವರ ಕುತ್ತಿಗೆ ಹೋಗುವುದನ್ನು ತಡೆಯಲಾರದೆ ಚೆನ್ನಮಲ್ಲ ದರ್ಬಾರಿಗೆ ನಡೆದ.

"ಉಸಿರಿದೆ, ಮಾತಿಲ್ಲ. ಪುಟಕ್ಕೇನಾಗಿದೆ?" ದೊರೆ ಮಾದರಸ ಕೇಳಿದ.

"ಬಾಯಿಗೆ ಬೀಗ ಹಾಕಿದವರು ತಾವೇ, ಪ್ರಭು. ಅರಮನೆಯ ತಪ್ಪು ಪ್ರಜೆಗಳ ಕಣ್ಣಿಗೆ ಬೀಳಕೂಡದೆಂದು ಅಪ್ಪಣೆಯಾಗಿತ್ತಲ್ಲ. ತಪ್ಪು ಬಂದಾಗ ಪುಟ ಬಾಯಿ ಮುಚ್ಚಿಕೊಂಡು ಬಿಳಿಚಿಕೊಳ್ಳುತ್ತದೆ."

ದೊರೆ ಗಡ್ಡ ಕೆರೆದುಕೊಂಡ. "ಆಡದ ಮಾತು ಎಲ್ಲಿ ಹೋಗುತ್ತದೆ?"

"ಲಾಗ್ ಕಡತಕ್ಕೆ. ಅತ್ತೆಯೆದುರು ತುಟಿ ಬಿಚ್ಚದ ಸೊಸೆ ತವರಿಗೆ ಕಾಗದ ಬರೆದ ಹಾಗೆ, ಸರ್ವರ್ ಎಲ್ಲವನ್ನೂ ಅಲ್ಲಿ ಬರೆದಿಡುತ್ತದೆ."

ಕಡತ ತರಿಸಿದರು. ಹನ್ನೆರಡನೆಯ ಸಾಲಿನಲ್ಲಿ ಅರ್ಥವಾಗದ ಅಂಕಿಯಿದೆ ಎಂದು ಸಾವಿರ ಸಲ ಬರೆದಿತ್ತು. ಆ ಸಾಲಿನಲ್ಲಿ ಇದ್ದದ್ದು ಒಂದು ಸೊನ್ನೆ. ನೋಡಿದೊಡನೆ ಚೆನ್ನಮಲ್ಲನಿಗೆ ತಾನೆಡವಿದ್ದು ಎಲ್ಲಿ ಎಂಬುದು ಹೊಳೆಯಿತು.

"ಕೊನೆಯ ಒಗಟು. ತಪ್ಪು ಯಾರದು?" ದೊರೆ ಕೇಳಿದ.

"ನನ್ನದು, ಪ್ರಭು. ಎಲ್ಲೆಡೆ ಕನ್ನಡ ಅಂಕಿಯನ್ನೇ ಬರೆಯಿರೆಂದು ಯುಗಾದಿಗೆ ಅಪ್ಪಣೆ ಕೊಟ್ಟಿರಿ. ಭಕ್ತಿ ಹೆಚ್ಚಾಗಿ ಸ್ಕ್ರಿಪ್ಟಿನಲ್ಲೂ ಕನ್ನಡದ ಸೊನ್ನೆ ಇಟ್ಟೆ. ಕಣ್ಣಿಗೆ ನಮ್ಮ ಸೊನ್ನೆಯೂ ಇಂಗ್ಲಿಷ್ ಸೊನ್ನೆಯೂ ಒಂದೇ, ಯಂತ್ರಕ್ಕೆ ಬೇರೆ."

ಅದನ್ನು ಅಳಿಸಿ ಇಂಗ್ಲಿಷ್ ಸೊನ್ನೆ ಇಟ್ಟ. ಪುಟ ತೆರೆಯಿತು. ಮರುಗಳಿಗೆಯೇ ಮೊದಲ ಅಹವಾಲು ಬಂತು, ಪಂಡಿತರೊಬ್ಬರ ಹೆಂಡತಿಯದು: "ನಮ್ಮ ಯಜಮಾನರನ್ನು ಬಿಟ್ಟುಬಿಡಿ. ಗೊತ್ತಿಲ್ಲ ಅನ್ನುವ ಅಭ್ಯಾಸ ಅವರಿಗಿಲ್ಲ, ಅಷ್ಟೇ."

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಪ್ಪಣೆ ನನ್ನದು, ಬೆರಳು ನಿನ್ನದು. ತಲೆ ತೆಗೆಯುವುದಾದರೆ ನನ್ನದರಿಂದಲೇ ಶುರುಮಾಡಬೇಕು. ಏನು ಬೇಕು, ಕೇಳು."

"ಆಯಮ್ಮ ಕೇಳಿದ್ದನ್ನೇ ಕೊಡಿ, ಇಬ್ಬರಿಗೂ" ಎಂದ ಚೆನ್ನಮಲ್ಲ.

ಪಂಡಿತರು ಊಟದ ಹೊತ್ತಿಗೆ ಮನೆ ಸೇರಿದರು. ಚೆನ್ನಮಲ್ಲನಿಗೆ ದೊರೆ ಹೊಸ ಹುದ್ದೆ ಕೊಟ್ಟ: ದಿನಾ ಬೆಳಿಗ್ಗೆ ಲಾಗ್ ಓದಿ ಅರಮನೆಯ ತಪ್ಪುಗಳನ್ನು ದೊರೆಯ ಮುಖಕ್ಕೇ ಹೇಳಬೇಕು. ಹೇಳಿದ್ದಕ್ಕೆ ತಲೆ ಹೋಗುವುದಿಲ್ಲವೆಂದು ಶಾಸನವನ್ನೂ ಬರೆಸಿದ.