ಶ್ರುತಿ ತಿಳಿದ ಮಿಕ್ಸರ್

ಆರ್ಕೆಸ್ಟ್ರಾಕ್ಕೆ ಹೊಸ ಡಿಜಿಟಲ್ ಮಿಕ್ಸರ್ ಬಂತು. ಸೌಂಡ್ ನೋಡಿಕೊಳ್ಳುವ ಹಾಲಸ್ವಾಮಿಯ ತಲೆ ಕೆಟ್ಟು ಕೆರ ಹಿಡಿಯಿತು. ಹಳೆಯದರಲ್ಲಿ ಮೈಕಿಗೊಂದು ಫೇಡರ್. ಮೇಲೆ ತಳ್ಳಿದರೆ ದನಿ ಏರುತ್ತಿತ್ತು, ಅಷ್ಟೇ. ಇದರಲ್ಲಿ ಪುಟ, ಅಂದರೆ ಮೈಕುಗಳ ಗುಂಪು, ಬದಲಿಸುವ ಬಟನ್ ಒತ್ತಿದರೆ ಸಾಕು, ಮೈಮೇಲೆ ದೇವರು ಬಂದಂತೆ ಎಲ್ಲ ಫೇಡರ್‌ಗಳೂ ತಾವೇ ಏರಿಳಿಯುತ್ತಿದ್ದವು; ಇನ್ನೊಮ್ಮೆ ಒತ್ತಿದರೆ ಮೊದಲಿದ್ದ ಜಾಗಕ್ಕೇ ಮರಳುತ್ತಿದ್ದವು. ಬೆಳಗಿನಿಂದ ಅವನು ಕಲಿತದ್ದು ಅದೊಂದೇ.

ಅಷ್ಟರಲ್ಲಿ ಗಾಯಕ ಉಮಾಪತಿ ಬಂದ. ಶ್ರುತಿ ಅವನಿಗೆ ದೂರದ ನೆಂಟ. ಗತ್ತು ಮಾತ್ರ ಸ್ವಂತದ್ದು.

"ಏಯ್, ಎಲ್ಲರಿಗಿಂತ ನನ್ನ ದನಿ ಮೇಲಿರ್ಬೇಕು. ನನ್ನೆದುರಿಗೇ ಏರಿಸು!"

ಹಾಲಸ್ವಾಮಿ ಅವನ ಫೇಡರನ್ನು ತುದಿಗೆ ತಳ್ಳಿದ. ಎಡಗೈಯಲ್ಲಿ ಮೆಲ್ಲಗೆ ಬಟನ್ ಒತ್ತಿದ. ಫೇಡರ್ ಸರ್ರನೆ ಬುಡಕ್ಕಿಳಿಯಿತು.

"ಯಾಕೋ ಇಳೀತು?"

"ಹೊಸ ಮಿಷನ್ನು ಸಾರ್. ಶ್ರುತಿ ಬಿಟ್ಟೋರನ್ನ ತಾನೇ ಇಳಿಸುತ್ತೆ."

"ನಾನಿನ್ನೂ ಹಾಡೇ ಇಲ್ವಲ್ಲೋ!"

"ಅದೇ ಸಾರ್, ನಂಗೂ ಅರ್ಥವಾಗ್ತಿಲ್ಲ. ಬರೀ ಮಾತು ಕೇಳಿಯೇ ಕಂಡುಹಿಡೀತಲ್ಲ!"

ಉಮಾಪತಿ ತೆಪ್ಪಗೆ ಹೋಗಿ ಹಾರ್ಮೋನಿಯಂ ಮುಂದೆ ಕೂತ. ಸಂಜೆ ಹೆದರಿ ಹೆದರಿ ಹಾಡಿದ. ಒಂದು ಸ್ವರವೂ ತಪ್ಪಲಿಲ್ಲ. ಜನ ಸಿಳ್ಳೆ ಹೊಡೆದರು. ಆಗಲೇ ಹಾಲಸ್ವಾಮಿಯ ಮೊಣಕೈ ಅವನಿಗೇ ತಿಳಿಯದಂತೆ ಆ ಬಟನ್ನಿಗೆ ತಗುಲಿತು. ಉಮಾಪತಿಯ ಫೇಡರ್ ತಾನಾಗಿಯೇ ಮೇಲೇರಿ ತುದಿಯಲ್ಲಿ ನಿಂತಿತು.

ಹಾಲಸ್ವಾಮಿ ಬೆಚ್ಚಿಬಿದ್ದು, ಚಪ್ಪಲಿ ಬಿಟ್ಟು, ಮಿಕ್ಸರಿಗೆ ಕೈಮುಗಿದ.

"ಅಯ್ಯಪ್ಪಾ, ಹಾಗಾದ್ರೆ ನಾನು ಹೇಳಿದ್ದು ನಿಜಾನಾ?"