ಗುಡ್ಡಕ್ಕೆ ಗುರುತು ಕೇಳಿದ ಬರಮವ್ವ

ಹಿಂದೆ ಒಂದು ಕಾಲ ಇತ್ತಂತೆ ಕೂಸೇ, ಗುಡ್ಡಕ್ಕೆ ಬೇಲಿ ಹಾಕಬಹುದು ಅಂತ ಯಾರಿಗೂ ಹೊಳೆಯದೇ ಇದ್ದ ಕಾಲ. ಆವಾಗ ಒಂದು ಗುಡ್ಡದ ಬುಡದಲ್ಲಿ ದನಗಾರರ ಹಟ್ಟಿ, ಹಟ್ಟಿಯ ಕೊನೇ ಗುಡಿಸಲಲ್ಲಿ ಬರಮವ್ವ ಅಂತ ಒಬ್ಬಳು ಗಂಡ ಸತ್ತ ಹೆಂಗಸು ಇದ್ದಳಂತೆ. ಅವಳಿಗೆ ಇದ್ದದ್ದು ಒಂದೇ ಹಸು, ಕೆಂದಿ ಅಂತ ಹೆಸರು, ಅದಕ್ಕೊಂದು ಇನ್ನೂ ಮೊಲೆ ಬಿಡದ ಕರು. ಸಿಟ್ಟು ಮಾತ್ರ ಮೂರು ಮನೆಗೆ ಹಂಚುವಷ್ಟು ಇತ್ತಂತೆ. ನಗಬೇಡ, ಸಿಟ್ಟಿಲ್ಲದ ಹೆಂಗಸಿನ ಹಸು ಊರವರ ಹಸು.

ಆಮೇಲೆ ಏನಾಯ್ತು, ಆ ಊರಿಗೆ ದ್ಯಾಮನಗೌಡ ಅಂತ ಒಬ್ಬ ಗೌಡ. ಹೊಲ ಇತ್ತು, ತೋಟ ಇತ್ತು, ಹೊಟ್ಟೆ ಇತ್ತು, ಅದೂ ಸಾಲದು ಅಂತ ಒಂದಿನ ಗುಡ್ಡದ ಸುತ್ತ ಮುಳ್ಳಿನ ಬೇಲಿ ಹಾಕಿಸಿ, ಇವತ್ತಿಂದ ಇದು ನಂದು, ಹುಲ್ಲು ನಂದು, ಹೂ ನಂದು, ಕಲ್ಲೂ ನಂದು ಅಂದನಂತೆ. ಮೇಲಿಂದ ಬೀಳೋ ಮಳೆ ಯಾರದು ಗೌಡ್ರೇ ಅಂತ ಒಬ್ಬರಾದರೂ ಕೇಳಬೇಕಿತ್ತು. ಯಾರು ಕೇಳ್ತಾರೆ, ಎಲ್ಲರ ಬಾಯಲ್ಲೂ ಎಲೆಯಡಿಕೆ. ಆದರೆ ಕೆಂದಿಗೆ ಗೌಡನ ಹುಕುಂ ಹೇಳೋರು ಯಾರು? ದಿನಾ ಹೋಗೋ ದಾರಿ ಅಂತ ಬೇಲಿ ನುಗ್ಗಿ ಹೋಯ್ತಂತೆ, ಗೌಡನ ಆಳುಗಳು ಹೊಡಕೊಂಡು ಬಂದು ದೊಡ್ಡಿಯಲ್ಲಿ ಕೂಡಿಹಾಕಿದರಂತೆ. ದೊಡ್ಡಿ ಅಂದ್ರೆ ಗೊತ್ತಲ್ಲ, ತುಡುಗು ದನ ಕೂಡೋ ಜಾಗ. ಕೆಚ್ಚಲು ಬಿಗಿದು ಕೆಂದಿ ಅಲ್ಲಿ ಅಂಬಾ ಅನ್ನೋದು, ಹಸಿದ ಕರು ಇಲ್ಲಿ ಅಂಬಾ ಅನ್ನೋದು.

ಬರಮವ್ವ ಸೆರಗು ಬಿಗಿದು, ದನ ಕಾಯೋ ಕೋಲು ಹಿಡಿದು ದೊಡ್ಡಿಗೆ ಹೋದಳಂತೆ. ಅಲ್ಲೊಂದು ಕಟ್ಟಳೆ. ದನ ನಂದು ಅನ್ನೋರು ದೊಡ್ಡಿಗೆ ಬೆನ್ನು ಹಾಕಿ ನಿಂತು ಮೂರು ಗುರುತು ಹೇಳಬೇಕು, ಒಂದು ತಪ್ಪಿದರೂ ದನದ ಆಸೆ ಬಿಡಬೇಕು. ಬರಮವ್ವ ಬೆನ್ನು ಹಾಕಿ ನಿಂತು, ಬಲಗೋಡು ಬಾಗೈತೆ, ಎಡಗಿವಿ ಹರಿದೈತೆ, ಹಾಲು ಕರೆಯುವಾಗ ಹಾಡು ಹೇಳದಿದ್ರೆ ಒದೀತಾಳೆ ಅಂದಳಂತೆ. ಮೂರೂ ಸರಿ. ಆದರೂ ದೊಡ್ಡಿ ಮುಂದೇ ಕೂತಿದ್ದ ಗೌಡ ಬಿಡಲಿಲ್ಲ. ಹಸು ನಿಂದೇ ಕಣವ್ವ, ಹೊಟ್ಟೇಲಿರೋ ಹುಲ್ಲು ನಂದು, ಹುಲ್ಲು ತೆಗೆದಿಟ್ಟು ಹಸು ಹೊಡಕೊಂಡು ಹೋಗು ಅಂತ ಮೀಸೆ ತಿರುವಿದನಂತೆ. ಥೂ, ಅವನ ಮೀಸೆಗೆ ಬೆಂಕಿ ಬೀಳ! ಏನು, ಬೈಬಾರದಾ? ನಿನ್ನ ಹಸು ಹಿಡಿದಿದ್ರೆ ಗೊತ್ತಾಗ್ತಿತ್ತು, ಸುಮ್ನೆ ಕೇಳು.

ಬರಮವ್ವನಿಗೆ ಸಿಟ್ಟು ನೆತ್ತಿಗೇರಿತಂತೆ. ಗೌಡಾ, ಒಂದು ಹಸು ನಂದು ಅನ್ನೋಕೆ ನಾನು ಮೂರು ಗುರುತು ಹೇಳಿದೆ, ಒಂದು ಗುಡ್ಡಾನೇ ನಂದು ಅನ್ನೋನು ನೀನು ಹೇಳಬ್ಯಾಡ್ವಾ? ನಿನ್ನ ಗುಡ್ಡದಿಂದ ಮೂರು ಹೂ ತರ್ತೀನಿ, ಇದು ಇಂಥಾ ಹೂ ಅಂತ ಹೇಳು. ಮೂರೂ ಹೇಳಿದ್ರೆ ಹಸು, ಕರು ಎರಡೂ ನಿನ್ನ ಕೊಟ್ಟಿಗೆಗೆ. ಒಂದು ತಪ್ಪಿದ್ರೆ ಕೆಂದಿನ ಬಿಡು, ಬೇಲಿ ಕೀಳು ಅಂದಳಂತೆ. ಹಟ್ಟಿಯವರೆಲ್ಲ ನೋಡ್ತಾ ನಿಂತಿದ್ದಾರೆ, ಒಲ್ಲೆ ಅಂದ್ರೆ ಮರ್ಯಾದೆ ಹೋಯ್ತು. ಹೋಗು ತಗಂಬಾ ಅಂದನಂತೆ ಗೌಡ.

ಆಮೇಲೆ ಅವಳು ಮೊದಲು ತಂದದ್ದು ಅಕ್ಕಿಕಾಳಿನಷ್ಟು ಬಿಳೀ ಹೂ. ಗೌಡ ಹೊಟ್ಟೆ ಕುಣಿಸಿ ನಕ್ಕನಂತೆ. ತುಂಬೆ ಹೂ ಕಣೇ, ಶಿವನ ತಲೆ ಮೇಲೆ ಇಡೋದು, ನಮ್ಮನೆ ಕೂಸೂ ಹೇಳತೈತೆ. ಸರಿಯಾಗೇ ಹೇಳಿದ, ಏನು ಮಾಡೋದು. ಬರಮವ್ವ ಹಲ್ಲು ಕಚ್ಚಿ ಮತ್ತೆ ಗುಡ್ಡ ಹತ್ತಿದಳಂತೆ.

ಎರಡನೇ ಸಲ ತಂದದ್ದು ಒಂದು ಉದ್ದನೆ ಕಡ್ಡಿ, ಅದರ ತುಂಬ ಕೆಳಗೆ ಮುಖ ಮಾಡಿದ ಹಸಿರು ಹೂ, ಅರ್ಧ ಅವಳ ಸೀರೆಗೇ ಅಂಟಿಕೊಂಡಿತ್ತಂತೆ. ಗೌಡ ತಿರುಗಿಸಿ ನೋಡಿದ, ಮರುಗಿಸಿ ನೋಡಿದ, ಇದರಲ್ಲಿ ಹೂ ಎಲ್ಲೈತೆ ಅಂದನಂತೆ. ಅವನ ಹಿಂದೆ ಅವನದೇ ದನ ಕಾಯೋ ಮುದುಕ, ದುರುಗಪ್ಪ ಅಂತ, ನಿಂತಿದ್ದ. ಉಪ್ಪು ತಿಂದ ಋಣ ನೋಡು, ಬಾಯಿಗೆ ಕೈ ಅಡ್ಡ ಇಟ್ಟು ಕೆಮ್ಮಿದ ಹಂಗೆ ಮಾಡಿ ಉತ್ರಾಣಿ ಅಂದನಂತೆ. ಉತ್ರಾಣಿ ಅಂತ ಗೌಡ ಕೂಗಿದ. ಜನ ಬಿಡ್ತಾರಾ, ಹೇಳಿದ್ದು ಗೌಡ್ರೋ ಕೆಮ್ಮೋ ಅಂತ ಒಬ್ಬ ಅಂದೇಬಿಟ್ಟ. ಗೌಡನ ಮುಖ ಕೆಂಪಾಗಿ, ದೊಡ್ಡೋರ ಹಿಂದೆ ನಿಂತು ಕೆಮ್ಮತೀಯೇನೋ ಮುದಿಯಾ ಅಂತ ದುರುಗಪ್ಪನ ಕೆನ್ನೆಗೆ ಫಟಾರ್ ಅಂತ ಬಿಟ್ಟನಂತೆ. ಯಾವನು ನಾಲಿಗೆ ಕೊಟ್ಟನೋ ಅವನಿಗೇ! ಮುದುಕ ಕೆನ್ನೆ ಸವರಿಕೊಂಡು ಬಾಯಿ ಮುಚ್ಚಿದನಂತೆ.

ಆ ಏಟು ನೋಡಿ ಬರಮವ್ವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇನ್ನೊಂದು ಹೂ ಹೇಳಿದನೋ, ಕೆಂದಿ ಹೋಯ್ತು, ಕರು ಹೋಯ್ತು. ಬಂಡೆ ಸಂದಿಯ ಪೊದೆಗೆ ನುಗ್ಗಿ, ಮೈಯೆಲ್ಲ ಗೀರಿಸಿಕೊಂಡು, ಮೂರನೇದನ್ನ ಬಳ್ಳಿ ಸಮೇತ, ಬೇರು ಸಮೇತ ಕಿತ್ತು ತಂದಳಂತೆ. ಕೆಂಪು ಹಳದಿ ಹೂ, ಎಸಳೆಲ್ಲ ಮೇಲಕ್ಕೆ ತಿರುಚಿ ಬೆಂಕಿ ಹತ್ತಿದ ಹಂಗೆ. ಗೌಡ ಹುಟ್ಟಿದಾಗಿಂದ ಒಂದು ಸಲಾನೂ ಆ ಗುಡ್ಡ ಹತ್ತಿದವನಲ್ಲ. ದುರುಗಪ್ಪನ ಕಡೆ ನೋಡಿದ, ದುರುಗಪ್ಪ ಆಕಾಶ ನೋಡಿದ. ಆಮೇಲೆ ಗೌಡನ ಕಣ್ಣು ಬೇರಿನ ಗೆಡ್ಡೆ ಮೇಲೆ ಬಿತ್ತಂತೆ, ಥೇಟ್ ಗೆಣಸಿನ ಹಂಗೇ ಐತೆ. ಹೋಗೇ, ಇದು ಕಾಡುಗೆಣಸಿನ ಹೂ, ನಮ್ಮ ಗುಡ್ಡದ ಗೆಣಸು ಜೇನು ಇದ್ದಂಗೆ, ಎಷ್ಟು ಸಲ ತಿಂದೀನಿ ಅಂದನಂತೆ. ಹಸೀ ಸುಳ್ಳು!

ತಿಂದೀಯಾ? ಹಂಗಾದ್ರೆ ಈಗಲೂ ತಿನ್ನು ಅಂದಳಂತೆ ಬರಮವ್ವ.

ಅಷ್ಟು ಜನರ ಮುಂದೆ ಆಡಿದ ಮಾತು ನುಂಗೋಕಾಗುತ್ತಾ? ಗೌಡ ಗೆಡ್ಡೆಯ ಮಣ್ಣು ಪಂಚೆಗೆ ಒರೆಸಿ ಬಾಯಿ ತನಕ ಒಯ್ದನಂತೆ. ದುರುಗಪ್ಪ ಏಟು ಬಿದ್ದ ಕೆನ್ನೆ ಮುಟ್ಟಿಕೊಂಡ. ಬರಮವ್ವ ಕೋಲು ಬಿಗಿಯಾಗಿ ಹಿಡಿದಳಂತೆ. ತಿಂದು ಸಾಯಲಿ ಅನ್ನಿಸಿತ್ತು ಅವಳಿಗೆ. ನನಗೂ ಅನ್ನಿಸುತ್ತೆ, ಸುಳ್ಳು ಯಾಕೆ ಹೇಳಲಿ. ಆದರೆ ಅವಳು ನನಗಿಂತ ದೊಡ್ಡೋಳು. ಕೋಲು ಬೀಸಿ ಅವನ ಮುಂಗೈಗೆ ಬಿಟ್ಟಳಂತೆ ನೋಡು, ಗೆಡ್ಡೆ ಹೋಗಿ ಅಲ್ಲೆಲ್ಲೋ ಬಿತ್ತು.

ಅದು ಗೌರಿ ಹೂ ಕಣೋ, ಗೆಡ್ಡೆ ತುಂಬ ವಿಷ! ಗುಡ್ಡ ನಂದು ಅಂತೀಯಾ, ಅದರಲ್ಲಿ ನಿನ್ನ ಕೊಲ್ಲೋದು ಯಾವುದು ಅಂತಾನೂ ನಿಂಗೆ ಗೊತ್ತಿಲ್ಲ!

ಗೌಡ ಕೂತ ಜಾಗದಲ್ಲೇ ಬೆವೆತನಂತೆ. ಬೇಲಿಯ ಮೊದಲನೇ ಮುಳ್ಳು ಎಳೆದವನು ದುರುಗಪ್ಪ. ಆಮೇಲೆ ಹಟ್ಟಿಗೆ ಹಟ್ಟಿಯೇ ಬಿದ್ದು ಗುಡ್ಡ ಬಿಡಿಸಿತಂತೆ. ಕೆಂದಿ ಬಾಲ ಎತ್ತಿಕೊಂಡು ಓಡಿ ಬಂತು, ಕರು ಮೊಲೆಗೆ ಬಾಯಿ ಹಾಕ್ತು. ಕಿತ್ತ ಬೇಲಿಯನ್ನೇ ಒಲೆಗೆ ತುಂಬಿ, ಮಿಕ್ಕ ಹಾಲು ಕಾಯಿಸಿ ಬರಮವ್ವ ಎಲ್ಲರಿಗೂ ಹಂಚಿದಳಂತೆ. ಗೌಡನೂ ಮೋರೆ ಇಳಿಬಿಟ್ಟುಕೊಂಡು ಬಂದು ನಿಂತನಂತೆ.

ಕೊಟ್ಟಳಾ ಅಂತ ಕೇಳ್ತೀಯಾ? ಕೊಟ್ಟಳು. ಮಕ್ಕಳದಾಗಲಿ, ಮುದುಕರದಾಗಲಿ ಅಂತ ಬಿಸಿಲಲ್ಲೇ ನಿಲ್ಲಿಸಿ, ದುರುಗಪ್ಪನಿಗೆ ಎರಡು ಸಲ ಬಗ್ಗಿಸಿ, ಆಮೇಲೆ ಪಾತ್ರೆಯ ತಳ ಹಿಡಿದ ಹಾಲು ಗೌಡನಿಗೆ ಕೊಟ್ಟಳು. ಅವನು ಕಮಕ್ ಕಿಮಕ್ ಅನ್ನದೇ ಕುಡಿದನಂತೆ.

ಅಲ್ಲಿಗೆ ಅವರ ಹಟ್ಟಿ ತಣ್ಣಗಾಯ್ತು, ನನ್ನ ಕತೆಯೂ ತೀರಿತು. ಕಣ್ಣು ಮುಚ್ಚು ಕೂಸೇ, ನಾನು ಇನ್ನೊಂದು ಸ್ವಲ್ಪ ಹೊತ್ತು ಗೌಡನ್ನ ಬೈದು ಮಲಗ್ತೀನಿ.