ಬರೆಯದೆ ಬಿಟ್ಟ ಜ್ವರ

ನದಿ ದಂಡೆಯ ಆಸ್ಪತ್ರೆಯೊಂದರಲ್ಲಿ ರಕ್ತದ ಕ್ಯಾನ್ಸರ್ ನೋಡುತ್ತಿದ್ದವರು ಡಾಕ್ಟರ್ ಗುರುಪಾದಪ್ಪ. ಅವರದೊಂದು ಹಟ. ರೋಗಿಯ ಹಣೆ ಮುಟ್ಟದೆ ಜ್ವರದ ಹಾಳೆ ಓದುತ್ತಿರಲಿಲ್ಲ.

"ಮೊದಲು ಅಂಗೈ, ಆಮೇಲೆ ಕಾಗದ" ಎನ್ನುವರು.

ಶಿಷ್ಯ ನಿರಂಜನನಿಗೆ ಇದು ಮುದುಕರ ಚಾಳಿ ಅನಿಸಿತ್ತು. ಥರ್ಮಾಮೀಟರ್ ಇರುವುದು ಮತ್ತೇತಕ್ಕೆ?

ಆಗ ಗುರುಗಳು ಹೊಸ ಔಷಧಿಯೊಂದನ್ನು ಪರೀಕ್ಷಿಸುತ್ತಿದ್ದರು. ಹಳೆಯ ಔಷಧಿಗಳೆಲ್ಲ ಕೈಕೊಟ್ಟವರಿಗೆ ಅದು. ಜ್ವರ ಬಂತೋ, ಔಷಧಿ ನಿಲ್ಲಿಸಬೇಕು, ಸಂಶೋಧನೆಯ ಪುಸ್ತಕದಲ್ಲಿ ಬರೆಯಬೇಕು.

ಹೊಲಿಗೆ ಕೆಲಸದ ಕಾಶೀಬಾಯಿಗೆ ಈ ಔಷಧಿ ಶುರುವಾದ ಆರನೆಯ ದಿನ ಬೆಳಗ್ಗೆ ಜ್ವರ ನೂರಾ ಒಂದಕ್ಕೆ ಏರಿತು.

ಆಕೆ ನಿರಂಜನನ ಕೈ ಹಿಡಿದುಕೊಂಡಳು. "ಬರೀಬ್ಯಾಡ್ರಿ ಡಾಕ್ಟರ್, ನಿಮ್ಮ ಕಾಲಿಗೆ ಬೀಳ್ತೀನಿ. ಇದನ್ನೂ ನಿಲ್ಲಿಸಿಬಿಟ್ರ ನನಗ ಇನ್ಯಾವ ಔಷಧಿ ಐತ್ರಿ?"

ಪಾಪ, ಅವನ ಕರುಳು ಚುರ್ ಎಂದಿತು. ಹಾಳೆಯಲ್ಲೂ ಪುಸ್ತಕದಲ್ಲೂ ತೊಂಬತ್ತೆಂಟು ಎಂದು ಬರೆದುಬಿಟ್ಟ.

ಅರ್ಧ ಗಂಟೆಗೆ ಗುರುಗಳು ಬಂದರು. ಕಾಶೀಬಾಯಿಯ ಹಣೆಯ ಮೇಲೆ ಇಟ್ಟ ಅಂಗೈ ತೆಗೆಯಲೇ ಇಲ್ಲ.

"ನಿರಂಜನ, ಇವರ ಬಿಳಿ ರಕ್ತಕಣ ಎಷ್ಟು?"

"ಇನ್ನೂರು, ಸರ್."

"ಅಂದರೆ ಸೋಂಕು ತಡೆಯೋಕೆ ಮೈಯೊಳಗೆ ಯಾರೂ ಇಲ್ಲ. ಜ್ವರ ಎಷ್ಟು?"

ಕಾಶೀಬಾಯಿ ಕಣ್ಣಲ್ಲೇ ಬೇಡುತ್ತಿದ್ದಳು.

"ನೂರಾ ಒಂದು, ಸರ್. ನಾನೇ ಸುಳ್ಳು ಬರೆದೆ."

ಗುರುಗಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು! ಸಿಸ್ಟರನ್ನು ಕೂಗಿದರು, ಆ್ಯಂಟಿಬಯಾಟಿಕ್ ಹಾಕಿಸಿದರು, ಹೊಸ ಔಷಧಿ ನಿಲ್ಲಿಸಿದರು.

ಮಧ್ಯಾಹ್ನದ ಹೊತ್ತಿಗೆ ಬಿ.ಪಿ. ಕುಸಿಯಿತು. ಎರಡು ದಿನ ಆಕೆಯ ಜೀವ ಹೋಯಿತೋ ಬಂತೋ ಎಂಬಂತಿತ್ತು. ನಿರಂಜನ ಆ ಮಂಚದ ಪಕ್ಕದಿಂದ ಅಲ್ಲಾಡಲಿಲ್ಲ. ಒಂದು ಗುಟುಕು ಚಹಾ ಕೂಡ ಇಳಿಯಲಿಲ್ಲ ಅವನಿಗೆ.

ಮೂರನೆಯ ದಿನ ಜ್ವರ ಬಿಟ್ಟಿತು. ಕಾಶೀಬಾಯಿ ಗಂಜಿ ಕೇಳಿದಳು. ಆಮೇಲೆ ಮೆಲ್ಲಗೆ, "ಔಷಧಿ ಮತ್ತ ಕೊಡ್ತೀರೇನ್ರಿ?" ಎಂದಳು.

"ಮೊದಲು ಗಟ್ಟಿಯಾಗ್ರಿ ತಾಯಿ. ಮತ್ತೆ ಶುರು ಮಾಡೋಣ" ಎಂದರು ಗುರುಗಳು.

ನಿರಂಜನನಿಗೆ ಹೋದ ಜೀವ ಬಂದಂತಾಯಿತು. ಜೊತೆಗೆ ಧೈರ್ಯವೂ ಬಂತು ನೋಡಿ!

"ಸರ್, ಪುಸ್ತಕದಲ್ಲಿ ಆ ತೊಂಬತ್ತೆಂಟು ಹಾಗೇ ಇರಲಿ. ತಿದ್ದಿದರೆ ನನ್ನ ಮಾನ ಹೋಗುತ್ತೆ. ಹೇಗೂ ಇವರು ಉಳಿದರಲ್ಲ, ಇನ್ನು ಯಾರಿಗೇನು ತೊಂದರೆ?"

ಗುರುಗಳು ಪುಸ್ತಕ ಎತ್ತಿಕೊಂಡು ಪಕ್ಕದ ಮಂಚಕ್ಕೆ ನಡೆದರು. ನಿರಂಜನ ಹಿಂದೆಯೇ ಹೋದ.

ಅಲ್ಲಿದ್ದವರು ಬಸ್ ಕಂಡಕ್ಟರಾಗಿದ್ದ ಹುಸೇನಸಾಬರು. ಅದೇ ಔಷಧಿ ಅವರಿಗೆ ಅಂದು ಶುರುವಾಗಬೇಕಿತ್ತು.

ಗುರುಗಳು ಅವರ ಹಣೆ ಮುಟ್ಟಿದರು. ಹುಸೇನಸಾಬರು ಆ ಕೈಯನ್ನು ಹಾಗೇ ಹಿಡಿದುಕೊಂಡರು.

"ಡಾಕ್ಟರ್ ಸಾಹೇಬ್ರ, ಅಂಜಿಕಿ ಆಗೈತ್ರಿ. ನನಗಿಂತ ಮೊದಲು ತಗೊಂಡವ್ರಿಗೆ ಈ ಔಷಧಿಯಿಂದ ಏನರ ತ್ರಾಸ ಆಗಿತ್ತೇನ್ರಿ?"

ಗುರುಗಳು ಕಾಶೀಬಾಯಿಯ ಆರನೆಯ ದಿನದ ಪುಟ ತೆರೆದು ನಿರಂಜನನ ಕೈಗಿಟ್ಟರು.

"ಇದನ್ನ ನೋಡ್ಕೊಂಡು ನೀನೇ ಹೇಳಪ್ಪ."